ತೋಡಿನ ನೀರು ಮನೆಯೊಳಗೆ ಉಕ್ಕದಂತೆ ತಡೆಯುವುದು ಹೇಗೆ?

ಮಂಗಳೂರಿನ ಕೊಟ್ಟಾರ ಚೌಕಿ, ಪಾಂಡೇಶ್ವರ, ಕುದ್ರೋಳಿಯಂತಹ ತಗ್ಗು ಪ್ರದೇಶಗಳಲ್ಲಿ ನೆರೆಯ ಸುದ್ದಿ ಕೇಳಿದೊಡನೆ ಜನ ಬಾಗಿಲಿಗೆ ಮರಳಿನ ಚೀಲ ಒಟ್ಟುತ್ತಾರೆ. ಚೀಲಗಳು ಹಾಗೆಯೇ ನಿಂತಿರುವಾಗ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಉಕ್ಕಿ ನಡುಮನೆಗೆ ಹರಿದ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ನಗರದ ಮಳೆನೀರು ತೋಡು, ಅಂದರೆ ಸಣ್ಣ ಹಳ್ಳ, ಮತ್ತು ರಾಜಕಾಲುವೆಗಳ ಮೂಲಕ ನೇತ್ರಾವತಿ ಮತ್ತು ಫಲ್ಗುಣಿ ನದಿಗಳನ್ನು ಸೇರಿ ಅಳಿವೆಗೆ ಹೋಗಬೇಕು. ಕಡಲಿನಲ್ಲಿ ಭರತವಿದ್ದು, ಅಂದರೆ ನೀರು ಉಬ್ಬರದಲ್ಲಿದ್ದು, ಬಿರುಗಾಳಿಯೂ ನೀರನ್ನು ದಡಕ್ಕೆ ಒತ್ತುತ್ತಿದ್ದರೆ ಆ ನೀರು ಮುಂದಕ್ಕೆ ಹೋಗಲಾರದೆ ತೋಡಿನಲ್ಲೇ ಏರಿ, ಸಿಕ್ಕ ಕೊಳವೆಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಆದ್ದರಿಂದ ಕೆಲಸ ಕೊಳವೆಯಿಂದ ಆರಂಭವಾಗಬೇಕು; ಬಾಗಿಲಿನ ಸರದಿ ನಂತರದ್ದು.

ಮೊದಲಿಗೆ, 2018ರ ಮೇ 29ರ ಮಳೆಯಲ್ಲಿ ನಿಮ್ಮ ಬೀದಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಳಬರನ್ನು ಕೇಳಿ ಗೋಡೆಯ ಮೇಲೆ ಗುರುತು ಹಾಕಿಕೊಳ್ಳಿ. ಇನ್ವರ್ಟರ್, ಪ್ಲಗ್ ಪಾಯಿಂಟ್, ಕಾಗದಪತ್ರಗಳ ಕಪಾಟು ಎಲ್ಲವೂ ಆ ಗುರುತಿಗಿಂತ ಮೇಲಿರಲಿ.

ಎರಡನೆಯ ಹಂತವೇ ಕಷ್ಟದ್ದು. ಮನೆಯ ಕೊಳಚೆ ಕೊಳವೆ ಬೀದಿಯ ಯುಜಿಡಿಗೆ (ನೆಲದಡಿಯ ಒಳಚರಂಡಿಗೆ) ಸೇರುವ ಮುನ್ನ, ಕಾಂಪೌಂಡಿನೊಳಗಿನ ಕೊನೆಯ ಚೇಂಬರಿನ ಬಳಿ ಒಂದು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ, ಕೂರಿಸಬೇಕು. ಅಂಗಡಿಯವರು ಪಂಪಿನ ಕೊಳವೆಗೆ ಹಾಕುವ ಸ್ಪ್ರಿಂಗ್ ಇರುವ ಎನ್‌ಆರ್‌ವಿಯನ್ನೇ ಕೊಟ್ಟುಬಿಡುತ್ತಾರೆ. ಕೊಳಚೆಯಲ್ಲಿ ಅದು ಕೂದಲು, ಬಟ್ಟೆಯ ಚೂರು ಸಿಕ್ಕಿ ಒಂದೇ ಮಳೆಗಾಲಕ್ಕೆ ಕೆಡುವುದರಿಂದ ಅದನ್ನು ಕೊಳ್ಳಲೇಬಾರದು. ಮೇಲಿನಿಂದ ಜೋತುಬಿದ್ದ ರೆಕ್ಕೆಯಿರುವ, ಕೊಳಚೆಗೆಂದೇ ತಯಾರಾದ, ಮೇಲೆ ಬಿಚ್ಚುವ ಮುಚ್ಚಳವಿರುವ ಕವಾಟವೇ ಬೇಕು. ಅದರ ಮೇಲಿನ ಬಾಣದ ಗುರುತು ಬೀದಿಯ ಕಡೆಗಿರಬೇಕು. ಇದನ್ನು ಪ್ಲಂಬರ್ ಮೇಲೆ ಬಿಟ್ಟು ಒಳಗೆ ಹೋಗಬೇಡಿ, ಎದುರು ನಿಂತು ನೋಡಿ. ಕವಾಟವನ್ನು ಮಣ್ಣಿನಲ್ಲಿ ಹೂತು ಮೇಲೆ ಇಂಟರ್‌ಲಾಕ್ ಹಾಸಿದವರಿದ್ದಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮುಚ್ಚಳ ತೆಗೆದು ರೆಕ್ಕೆಯನ್ನು ತೊಳೆಯಬೇಕಾಗಿರುವುದರಿಂದ ಕೈ ಹೋಗುವಷ್ಟು ಚೇಂಬರನ್ನು ಕಟ್ಟಿಸಲೇಬೇಕು.

ಇನ್ನೊಂದು ತಪ್ಪು ಬಹುತೇಕ ಎಲ್ಲ ಮನೆಗಳಲ್ಲೂ ಇದೆ. ಮಾಡಿನ ಮಳೆನೀರಿನ ಕೊಳವೆಯನ್ನು ಕವಾಟಕ್ಕಿಂತ ಹಿಂದಿನ ಚೇಂಬರಿಗೆ ಸೇರಿಸಿದ್ದರೆ, ಹೊರಗಿನ ಒತ್ತಡಕ್ಕೆ ಕವಾಟ ಮುಚ್ಚಿಕೊಂಡಾಗ ನಿಮ್ಮ ಮಾಡಿನ ನೀರೇ ನಿಮ್ಮ ಬಚ್ಚಲಿನಲ್ಲಿ ಉಕ್ಕುತ್ತದೆ. ಆ ಕೊಳವೆಯನ್ನು ಬೇರ್ಪಡಿಸಿ ಅಂಗಳದ ಚರಂಡಿಗೆ ಬಿಡಿಸಿ. ಕವಾಟ ಮುಚ್ಚಿರುವಷ್ಟು ಹೊತ್ತು ಮನೆಯಲ್ಲಿ ಫ್ಲಶ್ ಮಾಡುವುದು, ಬಟ್ಟೆ ಒಗೆಯುವುದು ಎರಡೂ ನಿಲ್ಲಬೇಕು. ಸೆಪ್ಟಿಕ್ ಟ್ಯಾಂಕ್ ಇರುವವರು ಟ್ಯಾಂಕ್ ಮತ್ತು ಮನೆಯ ನಡುವೆ ಇದೇ ವ್ಯವಸ್ಥೆ ಮಾಡಬೇಕು. ಬಾಡಿಗೆ ಮನೆಯಾಗಿದ್ದು ಇದಾವುದೂ ಸಾಧ್ಯವಿಲ್ಲದಿದ್ದರೆ, ನಹಾನಿ ಟ್ರ್ಯಾಪಿನ, ಅಂದರೆ ಬಚ್ಚಲಿನ ನೆಲದಲ್ಲಿ ನೀರು ಹೋಗುವ ಕಿಂಡಿಯ, ಜಾಲರಿ ತೆಗೆದು ತಿರುಗಿಸಿದರೆ ಹಿಗ್ಗುವ ರಬ್ಬರ್ ಬಿರಡೆ ಹಾಕಿ, ಕಕ್ಕಸಿನ ಗುಂಡಿಯ ಮೇಲೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಮರಳಿನ ಚೀಲವನ್ನು ಒತ್ತಿ ಕೂರಿಸಬಹುದು.

ಬಾಗಿಲಿಗೆ ನನ್ನ ಆಯ್ಕೆ ಹಲಗೆಯೇ ಹೊರತು ಚೀಲವಲ್ಲ. ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವಂತೆ, ದಾರಂದದ ಎರಡೂ ಬದಿಗೆ ಹಲಗೆ ಕೂರುವಂತೆ ಅಲ್ಯೂಮಿನಿಯಂ ಚಾನೆಲ್ ಜೋಡಿಸಿ, ಅಡಿಗೆ ರಬ್ಬರ್ ಪಟ್ಟಿ ಅಂಟಿಸಿದ ಮರೈನ್ ಪ್ಲೈವುಡ್ಡನ್ನು ಇಳಿಸಿದರೆ ಒಬ್ಬರೇ ಐದು ನಿಮಿಷದಲ್ಲಿ ಬಾಗಿಲು ಭದ್ರ ಮಾಡಬಹುದು. ಎತ್ತರ ಎರಡು ಅಡಿ ಸಾಕು. ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ತಡೆದು ನಿಲ್ಲಿಸಿದರೆ ಒತ್ತಡಕ್ಕೆ ಗೋಡೆಯೇ ಬಿರಿಯಬಹುದು; ಗಾರೆ ಕಾಣದ ಕೆಂಪುಕಲ್ಲಿನ ಗೋಡೆಯಾದರೆ ನೀರು ಹೇಗೂ ಜಿನುಗಿ ಬರುತ್ತದೆ.

ಚೀಲವೇ ಗತಿಯೆಂದಾದರೆ ಮುಕ್ಕಾಲು ಚೀಲಕ್ಕಿಂತ ಹೆಚ್ಚು ತುಂಬಬಾರದು. ಬಿಗಿಯಾಗಿ ತುಂಬಿದ ಚೀಲಗಳ ನಡುವೆ ಸಂದು ಉಳಿಯುತ್ತದೆ. ಬಾಯಿಯನ್ನು ಅಡಿಗೆ ಮಡಚಿ, ಇಟ್ಟಿಗೆ ಕಟ್ಟುವ ಕ್ರಮದಲ್ಲಿ ಸಂದಿನ ಮೇಲೆ ಸಂದು ಬಾರದಂತೆ ಇಟ್ಟು, ಪ್ರತಿ ವರಸೆಯನ್ನೂ ತುಳಿದು, ನೀರು ಬರುವ ಬದಿಗೆ ಟಾರ್ಪಾಲು ಹಾಸಬೇಕು. ನೀರು ಹೀರಿ ಉಬ್ಬುತ್ತದೆಂದು ಆನ್‌ಲೈನ್‌ನಲ್ಲಿ ಮಾರುವ ಹಗುರ ಚೀಲಗಳು ಸಾಮಾನ್ಯವಾಗಿ ಸಿಹಿನೀರಿಗಷ್ಟೇ ಸರಿ. ಉಪ್ಪುನೀರಿನಲ್ಲಿ ಅವುಗಳೊಳಗಿನ ಪುಡಿ ಸರಿಯಾಗಿ ಉಬ್ಬುವುದಿಲ್ಲವಾದ್ದರಿಂದ ಅಳಿವೆಯ ಬದಿಯವರಿಗೆ ಅದು ದಂಡದ ಖರ್ಚು.

ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ, ರೆಡ್ ಎಂದರೆ ಅದಕ್ಕೂ ಹೆಚ್ಚು. ಬಣ್ಣವನ್ನಷ್ಟೇ ನೋಡದೆ ಅಂದಿನ ಭರತದ ಹೊತ್ತನ್ನೂ ನೋಡಿ, ಅದಕ್ಕೆ ಎರಡು ಗಂಟೆ ಮೊದಲೇ ಹಲಗೆ ಇಳಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇನ್ನೂ ಮೇಲೇರುತ್ತದೆ. ನೀರು ಹೊಸ್ತಿಲು ಮುಟ್ಟುವ ಮುನ್ನ ಮೇನ್ ಸ್ವಿಚ್ ಆರಿಸಬೇಕು. ಬೀದಿಯ ವಿದ್ಯುತ್ ತಂತಿ ಹರಿದಿದ್ದರೆ ವಿದ್ಯುತ್ ದೂರಿನ 1912ಕ್ಕೆ, ಜನರನ್ನು ಸಾಗಿಸಬೇಕಿದ್ದರೆ ಜಿಲ್ಲೆಯ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ.

ಇಷ್ಟೆಲ್ಲ ತೋಡಿನ ಬದಿಯ ಮನೆಗಳಿಗೆ ಮಾತ್ರ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಉಳ್ಳಾಲ, ಸೋಮೇಶ್ವರದ ಕಡಲತೀರದಲ್ಲಿ ಕಂಡಂತೆ ಅಲೆಯೇ ನೇರವಾಗಿ ಅಡಿಪಾಯಕ್ಕೆ ಅಪ್ಪಳಿಸುವಲ್ಲಿ ಹಲಗೆಗೂ ಚೀಲಕ್ಕೂ ಕೆಲಸವಿಲ್ಲ. ಅಂಥ ಮನೆಯವರು ಎಚ್ಚರಿಕೆ ಬಂದ ದಿನವೇ ನೆಂಟರಲ್ಲಿಗೋ ಕಾಳಜಿ ಕೇಂದ್ರಕ್ಕೋ ಹೊರಡಬೇಕು.