ಪ್ಲಾಸ್ಮಿಡ್‌ನಲ್ಲಿ ಇನ್ಸರ್ಟ್ ಕುಗ್ಗುತ್ತಿದೆಯೇ? ಹೀಗೆ ಮಾಡಿ ನೋಡಿ

ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಕ್ಕೆ ನಾವು ಸೇರಿಸುವ ಡಿಎನ್‌ಎ ತುಂಡೇ ಇನ್ಸರ್ಟ್. ಅದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ (ಇವೇ ರಿಪೀಟ್‌ಗಳು) ಇ. ಕೋಲಿ ಬ್ಯಾಕ್ಟೀರಿಯಾ ಅದನ್ನು ಇದ್ದ ಹಾಗೇ ಉಳಿಸಿಕೊಳ್ಳುವುದು ಕಷ್ಟ. ಪ್ಲಾಸ್ಮಿಡ್ ನಕಲಾಗುವಾಗ ಹೊಸ ಎಳೆ ಒಂದು ರಿಪೀಟ್‌ನಿಂದ ಇನ್ನೊಂದಕ್ಕೆ ಜಾರುತ್ತದೆ, ನಡುವಿನ ಭಾಗ ಬಿಟ್ಟುಹೋಗುತ್ತದೆ. ಹೀಗೆ ಕುಗ್ಗಿದ ಪ್ಲಾಸ್ಮಿಡ್ ಇರುವ ಕೋಶ ಎಷ್ಟೋ ಸಲ ಬೇಗ ಬೆಳೆದು ಉಳಿದವನ್ನು ಹಿಂದೆ ಹಾಕುತ್ತದೆ. ಹಾಗಾಗಿ ಕಲ್ಚರ್ ಹಳೆಯದಾದಷ್ಟೂ ನಷ್ಟ ಜಾಸ್ತಿ.

ಮೊದಲು ಇನ್ಸರ್ಟ್‌ನ ಎರಡೂ ಬದಿಗೆ ಕತ್ತರಿಸುವ ರೆಸ್ಟ್ರಿಕ್ಷನ್ ಕಿಣ್ವ ಹಾಕಿ, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಓಡಿಸಿ. ಇನ್ಸರ್ಟ್‌ನ ಬ್ಯಾಂಡ್ ಕೆಳಗೆ ಏಣಿಯಂತೆ ಮಸುಕಾದ ಬ್ಯಾಂಡ್‌ಗಳು ಕಂಡರೆ ನಿಮ್ಮ ಬಳಿ ಇರುವುದು ಪೂರ್ಣ ಮತ್ತು ಕುಗ್ಗಿದ ಪ್ಲಾಸ್ಮಿಡ್‌ಗಳ ಮಿಶ್ರಣ. ಈ ಪರೀಕ್ಷೆಗೆ ಪಿಸಿಆರ್ (ಟ್ಯೂಬ್‌ನಲ್ಲೇ ಡಿಎನ್‌ಎ ನಕಲು ಮಾಡುವ ವಿಧಾನ) ಸಾಕಾಗುವುದಿಲ್ಲ. ಅಲ್ಲೂ ಎಳೆ ಜಾರುವುದರಿಂದ ಪ್ಲಾಸ್ಮಿಡ್ ಸರಿಯಿದ್ದರೂ ಸುಳ್ಳು ಬ್ಯಾಂಡ್ ಬರಬಹುದು.

ಆಮೇಲೆ ಇ. ಕೋಲಿಯ ತಳಿ ಬದಲಿಸಿ. ಸಾಮಾನ್ಯವಾಗಿ ಬಳಸುವ ಡಿಎಚ್5 ಆಲ್ಫಾ ತಳಿಯಲ್ಲಿ ರೆಕ್‌ಎ ಜೀನ್ ಕೆಟ್ಟಿದೆ ಅಲ್ವಾ, ಮತ್ತೇಕೆ ತೊಂದರೆ ಎಂದು ಅನೇಕರು ಕೇಳುತ್ತಾರೆ. ರೆಕ್‌ಎ ಇಲ್ಲದಿದ್ದರೆ ಹೋಮೋಲಾಗಸ್ ರಿಕಾಂಬಿನೇಶನ್ (ಒಂದೇ ಥರದ ಡಿಎನ್‌ಎ ಸಾಲುಗಳ ನಡುವಿನ ಅದಲುಬದಲು) ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಹತ್ತಿರ ಹತ್ತಿರದ ರಿಪೀಟ್‌ಗಳ ನಡುವಿನ ಜಾರುವಿಕೆಗೆ ರೆಕ್‌ಎ ಬೇಕಿಲ್ಲ. ಒಂದೇ ದಿಕ್ಕಿನ ನೇರ ರಿಪೀಟ್‌ಗೆ ಸ್ಟೇಬಲ್2 ತಳಿ, ಲೆಂಟಿವೈರಸ್ ತಯಾರಿಸುವ ವೆಕ್ಟರ್‌ಗೆ (ವೆಕ್ಟರ್ ಅಂದರೆ ಇನ್ಸರ್ಟ್ ಹೊರುವ ಪ್ಲಾಸ್ಮಿಡ್) ಸ್ಟೇಬಲ್3 ತಳಿ ಬಳಸಿ. ತಲೆಕೆಳಗಾದ ರಿಪೀಟ್ ಹೇರ್‌ಪಿನ್ ಆಗಿ ಮಡಚಿಕೊಳ್ಳುತ್ತದೆ. ಅದನ್ನು ಕತ್ತರಿಸುವ ಕಿಣ್ವಕ್ಕೆ ಎಸ್‌ಬಿಸಿಸಿ ಜೀನ್ ಬೇಕು. ಆ ಜೀನ್ ಕೆಡಿಸಿರುವ ಶ್ಯೂರ್ ತಳಿ ಇಂಥ ಇನ್ಸರ್ಟ್‌ಗೆ ಒಳ್ಳೆಯದು.

ಟ್ರಾನ್ಸ್‌ಫಾರ್ಮೇಶನ್ (ಪ್ಲಾಸ್ಮಿಡ್ ಅನ್ನು ಕೋಶದೊಳಗೆ ಸೇರಿಸುವುದು) ಆದ ಮೇಲೆ ಪ್ಲೇಟ್ ಮತ್ತು ಕಲ್ಚರ್ ಎರಡನ್ನೂ 37ರ ಬದಲು 30 ಡಿಗ್ರಿಯಲ್ಲಿ ಬೆಳೆಸಿ. ಪಿಯುಸಿ ಮಾದರಿಯ ವೆಕ್ಟರ್‌ನ ಒಂದು ಕೋಶದಲ್ಲಿರುವ ಪ್ರತಿಗಳೂ ಈ ತಾಪದಲ್ಲಿ ಕಡಿಮೆಯಾಗುತ್ತವೆ. ಕಾಲೊನಿ ಆರಿಸುವಾಗ ದೊಡ್ಡದಕ್ಕೆ ಕೈ ಹಾಕಬೇಡಿ, ಇನ್ಸರ್ಟ್ ಕಳೆದುಕೊಂಡದ್ದು ಅದೇ ಇರಬಹುದು. ಚಿಕ್ಕವನ್ನೂ ಸೇರಿಸಿ ಹಲವು ಕಾಲೊನಿ ತೆಗೆದು ಪರೀಕ್ಷಿಸಿ. ಪ್ಲಾಸ್ಮಿಡ್ ಇಲ್ಲದ ಕೋಶ ಬೆಳೆಯದಂತೆ ಹಾಕುವ ಆಂಟಿಬಯಾಟಿಕ್‌ಗಳಲ್ಲಿ ಆಂಪಿಸಿಲಿನ್‌ಗಿಂತ ಕಾರ್ಬೆನಿಸಿಲಿನ್ ನಿಧಾನವಾಗಿ ಕೆಡುತ್ತದೆ, ಅದನ್ನೇ ಹಾಕಿ.

ಇಷ್ಟಕ್ಕೂ ಬಗ್ಗದಿದ್ದರೆ ಇನ್ಸರ್ಟ್ ಅನ್ನು ಕಡಿಮೆ ಪ್ರತಿಗಳ ವೆಕ್ಟರ್‌ಗೆ ಸಾಗಿಸಿ. ಪಿಯುಸಿ ನೂರಾರು ಪ್ರತಿ ಮಾಡುತ್ತದೆ, ಪಿಬಿಆರ್322 ಸುಮಾರು 15–20, ಪಿಎಸ್‌ಸಿ101 ಐದರ ಆಸುಪಾಸು. ರಿಪೀಟ್ ಪ್ರೋಟೀನ್‌ಗೆ ಕೋಡ್ ಮಾಡುತ್ತಿದ್ದರೆ ಇನ್ನೂ ಒಂದು ದಾರಿಯಿದೆ, ನನಗೆ ಎಲ್ಲಕ್ಕಿಂತ ಗಟ್ಟಿ ಅನಿಸುವುದು ಅದೇ. ಪ್ರತಿ ರಿಪೀಟ್‌ನಲ್ಲೂ ಅದೇ ಅಮೈನೋ ಆಮ್ಲಕ್ಕೆ ಬೇರೆ ಬೇರೆ ಕೋಡಾನ್ (ಅಮೈನೋ ಆಮ್ಲ ಸೂಚಿಸುವ ಮೂರಕ್ಷರದ ಡಿಎನ್‌ಎ ಸಂಕೇತ) ಬಳಸಿ ಜೀನ್ ಬರೆಸಿ. ಪ್ರೋಟೀನ್ ಅದೇ ಬರುತ್ತದೆ, ಡಿಎನ್‌ಎ ಸಾಲುಗಳು ಮಾತ್ರ ಒಂದಕ್ಕೊಂದು ಹೋಲುವುದಿಲ್ಲ.

ಸರಿಯಾದ ಕ್ಲೋನ್ ಸಿಕ್ಕ ದಿನವೇ ಗ್ಲಿಸರಾಲ್ ಸ್ಟಾಕ್ (ಗ್ಲಿಸರಾಲ್ ಬೆರೆಸಿದ ಕೋಶಗಳ ಸಂಗ್ರಹ) ಮಾಡಿ ಮೈನಸ್ 80ಕ್ಕೆ ಇಡಿ, ಶುದ್ಧ ಡಿಎನ್‌ಎಯನ್ನೂ ಎತ್ತಿಡಿ. ಮುಂದೆ ಬೇಕಾದಾಗ ಹಳೆಯ ಪ್ಲೇಟ್‌ನಿಂದ ಬೆಳೆಸದೆ ಆ ಡಿಎನ್‌ಎಯಿಂದ ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿ, ಪ್ರತಿ ಸಲ ಪ್ಲಾಸ್ಮಿಡ್ ಶುದ್ಧೀಕರಿಸಿದ ಮೇಲೂ ಜೆಲ್ ಓಡಿಸಿ.