ರೊಟ್ಟಿ ಬಿಡದೆ ತೂಕ ಇಳಿಸುವುದು ಹೇಗೆ?

ಗೋಳಗುಮ್ಮಟದ ಮೂಲೆಯ ಗೋಪುರದೊಳಗೆ ಏಳು ಅಂತಸ್ತಿನ ಮೆಟ್ಟಿಲುಗಳಿವೆ. ಇಕ್ಕಟ್ಟಾದ, ಎತ್ತರೆತ್ತರದ ಕಲ್ಲಿನ ಮೆಟ್ಟಿಲು. ಎರಡು ವರ್ಷದ ಹಿಂದೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹತ್ತುವಾಗ ಮೂರನೇ ಅಂತಸ್ತಿಗೇ ನಾನು ಗೋಡೆ ಹಿಡಿದು ಕುಳಿತುಬಿಟ್ಟೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. "ಟೀಚರ್, ನೀವು ಇಲ್ಲೇ ಕುಂದರ್ರಿ, ನಾವು ಹೋಗಿ ಬರ್ತೀವಿ" ಅಂದ ಆರನೇ ಕ್ಲಾಸಿನ ಹುಡುಗ. ಆಗ ನನಗೆ 44 ವರ್ಷ, ಎತ್ತರ 5 ಅಡಿ 2 ಇಂಚು, ತೂಕ 79 ಕೆಜಿ.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರೊಟ್ಟಿ ಬಿಟ್ಟೆ, ಓಟ್ಸ್ ತಂದೆ. ಯಾರೋ ಹೇಳಿದರು ಅಂತ ದುಬಾರಿ ಪೌಡರ್ ಒಂದನ್ನು ರಾತ್ರಿ ಊಟದ ಬದಲು ತಿಂಗಳಿಡೀ ಕುಡಿದೆ. ನಾಲ್ಕು ಕೆಜಿ ಇಳಿಯಿತು. ಡಬ್ಬಿ ಖಾಲಿಯಾದ ಎರಡು ತಿಂಗಳಿಗೆ ಐದು ಕೆಜಿ ವಾಪಸ್ ಬಂತು. ಆಗ ನಮ್ಮ ಮನೆಯ ಊಟವನ್ನೇ ಇಟ್ಟುಕೊಂಡು ನಿಧಾನಕ್ಕೆ ಇಳಿಸುವ ದಾರಿ ಹಿಡಿದೆ. 14 ತಿಂಗಳಲ್ಲಿ 11 ಕೆಜಿ ಇಳಿದಿದೆ. ಇನ್ನೂ ಇಳಿಯಬೇಕಿದೆ. ಆದರೆ ದಾರಿ ಸರಿ ಇದೆ ಅನ್ನೋ ಧೈರ್ಯ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ವಿಜಯಪುರದ ಊಟದಲ್ಲಿ ತಪ್ಪೇನೂ ಇಲ್ಲ. ಬಿಳಿ ಜೋಳದ ರೊಟ್ಟಿ, ಕಾಳುಪಲ್ಯ, ತಪ್ಪಲುಪಲ್ಯ, ಹಸಿ ಉಳ್ಳಾಗಡ್ಡಿ, ಮೊಸರು. ಇದಕ್ಕಿಂತ ಒಳ್ಳೆಯ ತಟ್ಟೆ ಯಾವ ಪುಸ್ತಕದಲ್ಲಿ ಸಿಗುತ್ತದೆ? ನಮ್ಮಜ್ಜಿ ಮೂರು ರೊಟ್ಟಿ ಉಂಡು ಡೋಣಿ ದಂಡೆಯ ಎರೆ ಹೊಲದಲ್ಲಿ ಸಂಜೆವರೆಗೂ ಕಸ ತೆಗೆಯುತ್ತಿದ್ದಳು. ನಾನೂ ಮೂರು ರೊಟ್ಟಿ ಉಂಡೆ, ಅದರ ಮೇಲೆ ಅನ್ನ ಸಾರು ಉಂಡೆ, ಕುರ್ಚಿಯಲ್ಲಿ ಕೂತು ನೋಟ್‌ಬುಕ್ ತಿದ್ದಿದೆ. ಹೊಲದ ಕೆಲಸ ಹೋಯಿತು, ಹೊಲದ ಊಟ ಹಾಗೇ ಉಳಿಯಿತು. ಸರಿಮಾಡಬೇಕಾದ್ದು ಇಷ್ಟೇ.

ಟೇಪು ಹಿಡಿಯಿರಿ

ತೂಕದ ಮಷೀನಿಗಿಂತ ಮೊದಲು ದರ್ಜಿಯ ಟೇಪು ಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ. ಹೊಟ್ಟೆ ಎಳೆದುಕೊಳ್ಳಬೇಡಿ, ಉಸಿರು ಮೆಲ್ಲಗೆ ಬಿಟ್ಟು ನೋಡಿ. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಅಪಾಯ ಶುರು ಅಂತ ಅರ್ಥ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಬಂದಿರುವವರು "ನನಗೇನೂ ಆಗಿಲ್ಲ" ಅಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ಬಿಪಿಗೆ ಹೆಚ್ಚು ದಾರಿ ಮಾಡುವುದು ಆ ಹೊಟ್ಟೆಯೊಳಗಿನ ಕೊಬ್ಬೇ. ಇನ್ನು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ನೋಡುವ ಲೆಕ್ಕ: ಕೆಜಿಯಲ್ಲಿ ನಿಮ್ಮ ತೂಕ ತಗೊಳ್ಳಿ, ಮೀಟರಿನಲ್ಲಿ ನಿಮ್ಮ ಎತ್ತರದಿಂದ ಎರಡು ಸಲ ಭಾಗಿಸಿ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ನನ್ನದು 32ರ ಹತ್ತಿರ ಇತ್ತು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಬೇಡಿ. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ಪ್ರಮಾಣ ತೀರಾ ಕೆಳಗೆ ಬಿದ್ದು ತಲೆ ತಿರುಗಬಹುದು. ಎದೆನೋವು, ಮಂಡಿನೋವು ಇದ್ದವರೂ ಮೊದಲು ತೋರಿಸಿಕೊಳ್ಳಿ. ಬಸುರಿ, ಬಾಣಂತಿಯರಿಗೆ ಈ ಲೇಖನ ಅಲ್ಲವೇ ಅಲ್ಲ.

ಒಂದು ವಾರ ಸುಮ್ನೆ ಬರೆಯಿರಿ

ಏನನ್ನೂ ಬಿಡಬೇಡಿ, ಏನನ್ನೂ ಬದಲಿಸಬೇಡಿ. ತಿಂದದ್ದನ್ನೆಲ್ಲ ತಿಂದ ಕೂಡಲೇ ಒಂದು ಪುಟ್ಟ ಪುಸ್ತಕದಲ್ಲಿ ಬರೆಯಿರಿ. ನನ್ನ ಪುಸ್ತಕ ನೋಡಿದಾಗ ಗೊತ್ತಾಗಿದ್ದು ಎರಡು. ಒಂದು, ದಿನಕ್ಕೆ ಆರು ಕಪ್ ಚಹಾ. ಇನ್ನೊಂದು, ನಾನು ಲೆಕ್ಕಕ್ಕೇ ಹಿಡಿಯದ ಊಟ. ಮಗ ಬಿಟ್ಟ ಅರ್ಧ ರೊಟ್ಟಿ, ಬುಟ್ಟಿಯ ತಳದ ಅನ್ನ, ಬೋಗುಣಿಯಲ್ಲಿ ಉಳಿದ ಎರಡು ಚಮಚ ಪಲ್ಯ. ಚೆಲ್ಲಬಾರದು ಅಂತ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅಕ್ಕಂದಿರೇ, ಇದನ್ನು ನಮ್ಮಲ್ಲಿ ಬಹಳ ಮಂದಿ ಮಾಡುತ್ತೀವಿ, ಅಲ್ವಾ? ಅನ್ನ ಚೆಲ್ಲಬಾರದು, ನಿಜ. ಅದಕ್ಕೆ ಉಪಾಯ ಅಂದರೆ ಅಡುಗೆಯನ್ನೇ ಕಡಿಮೆ ಮಾಡುವುದು, ಉಳಿದರೆ ಡಬ್ಬಿಗೆ ಹಾಕಿ ಮರುದಿನದ ಊಟಕ್ಕೇ ಲೆಕ್ಕ ಹಿಡಿಯುವುದು. ನಮ್ಮ ಹೊಟ್ಟೆ ಉಳಿದದ್ದನ್ನು ಹಾಕುವ ಡಬ್ಬಿ ಅಲ್ಲ.

ಮೊದಲು ಚಹಾ, ಆಮೇಲೆ ಎಣ್ಣೆ

ಆರು ಕಪ್ಪಿಗೆ ಎರಡೆರಡು ಚಮಚ ಅಂದರೆ 12 ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೂ 60 ಗ್ರಾಂ, ಅಂದರೆ 240 ಕ್ಯಾಲೊರಿ. ಹೊಟ್ಟೆ ತುಂಬುವುದೂ ಇಲ್ಲ. ಒಮ್ಮೆಲೇ ಸಕ್ಕರೆ ಬಿಟ್ಟರೆ ಮೂರೇ ದಿನಕ್ಕೆ ಬೇಸರ ಬರುತ್ತದೆ. ನಾನು ಮೊದಲ ವಾರ ಎರಡರಿಂದ ಒಂದೂವರೆಗೆ ಇಳಿಸಿದೆ, ಮೂರನೇ ವಾರ ಒಂದಕ್ಕೆ. ಕಪ್ಪು ಆರರಿಂದ ಮೂರಕ್ಕೆ. ಈಗ ದಿನಕ್ಕೆ 15 ಗ್ರಾಂ. ಕಷ್ಟದ ಜಾಗ ಅಂದರೆ ಬೇರೆಯವರ ಮನೆ. "ಅರ್ಧಾ ಕಪ್ ತಗೊಳ್ರೀ ಅಕ್ಕಾರ" ಅಂದಾಗ ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಬೇಡ ಅನ್ನಬೇಡಿ, ಮಜ್ಜಿಗೆ ಕೇಳಿ. ನಮ್ಮ ಕಡೆ ಮಜ್ಜಿಗೆ ಇಲ್ಲದ ಮನೆ ಕಡಿಮೆ, ಕೊಡುವವರಿಗೂ ಖುಷಿ.

ಎಣ್ಣೆಯದು ಇನ್ನೂ ದೊಡ್ಡ ಲೆಕ್ಕ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಹಿಟ್ಟಿನಲ್ಲೂ ಸಕ್ಕರೆಯಲ್ಲೂ ಸುಮಾರು 4. ಮನೆಯಲ್ಲಿ ನಾವು ನಾಲ್ಕು ಜನ, ತಿಂಗಳಿಗೆ 5 ಲೀಟರ್ ಎಣ್ಣೆ ಬೇಕಾಗುತ್ತಿತ್ತು. ಭಾಗಿಸಿ ನೋಡಿ: ಒಬ್ಬರಿಗೆ ದಿನಕ್ಕೆ 40 ಮಿಲಿ ಮೇಲೆ. ಈಗ ತಿಂಗಳ ಮೊದಲ ದಿನ 3 ಲೀಟರ್ ಅಳೆದು ಬೇರೆ ಕ್ಯಾನಿಗೆ ಹಾಕಿಡುತ್ತೇನೆ, ತಿಂಗಳಿಡೀ ಅದರಲ್ಲೇ ಅಡುಗೆ. ಒಬ್ಬರಿಗೆ 25 ಮಿಲಿ ಆಯಿತು. ಒಗ್ಗರಣೆಗೆ ಕ್ಯಾನು ಬಗ್ಗಿಸುವುದನ್ನು ಬಿಟ್ಟು ಚಮಚ ಹಿಡಿದೆ. ಎಣ್ಣೆಗಾಯಿ ಬದನೆಕಾಯಿ ಹೇಗೆ ಅಂತ ಕೇಳುತ್ತೀರಿ. ಬದನೆಕಾಯಿ ಸೀಳಿ, ಮಸಾಲೆ ತುಂಬಿ, ಮೊದಲು ಮುಚ್ಚಳ ಮುಚ್ಚಿ ಸ್ವಲ್ಪ ನೀರಿನಲ್ಲಿ ಬೇಯಿಸಿ. ಕಾಯಿ ಮೆತ್ತಗಾದ ಮೇಲೆ ಮೂರು ಚಮಚ ಎಣ್ಣೆಯಲ್ಲಿ ಹೊರಳಿಸಿ. ಮಸಾಲೆಯ ಶೇಂಗಾ, ಎಳ್ಳು ತಾವೇ ಎಣ್ಣೆ ಬಿಡುತ್ತವೆ. ಮೇಲೆ ತೇಲುವ ಎಣ್ಣೆ ಇರುವುದಿಲ್ಲ, ರುಚಿ ಹೋಗುವುದಿಲ್ಲ.

ತಟ್ಟೆಯನ್ನು ತಿರುಗಿಸಿ ಹಾಕಿ

ರೊಟ್ಟಿಗೆ ಬರೋಣ. ಒಂದು ದಿನ ಹಿಟ್ಟು ತೂಗಿ ರೊಟ್ಟಿ ಬಡಿದೆ. 400 ಗ್ರಾಂ ಹಿಟ್ಟಿಗೆ ನನ್ನ ಕೈಯಲ್ಲಿ ಬಂದದ್ದು ಐದು ರೊಟ್ಟಿ. ಒಂದೊಂದೂ 80 ಗ್ರಾಂ ಹಿಟ್ಟಿನದು! ಜೋಳದ ಹಿಟ್ಟು 100 ಗ್ರಾಮಿಗೆ ಸುಮಾರು 340 ಕ್ಯಾಲೊರಿ, ಅಂದರೆ ಒಂದು ರೊಟ್ಟಿಯೇ 270. ಮೂರು ಉಂಡರೆ 800 ದಾಟುತ್ತದೆ, ಪಲ್ಯ ಬಿಟ್ಟು. ಈಗ ಅದೇ 400 ಗ್ರಾಮಿಗೆ ಎಂಟು ರೊಟ್ಟಿ ಮಾಡುತ್ತೇನೆ, 50 ಗ್ರಾಮಿನವು. ಉಂಡೆ ಸಣ್ಣದು, ಬಡಿಯುವುದು ತೆಳ್ಳಗೆ. ಹಂಚಿನ ಮೇಲೆ ಬೇಗ ಉಬ್ಬುತ್ತದೆ. ಮೊದಲ ದಿನ ಅತ್ತೆ ತಟ್ಟೆ ನೋಡಿ "ಇಷ್ಟ ಸಣ್ಣ ರೊಟ್ಟಿ ತಿಂದ್ರ ಶಕ್ತಿ ಎಲ್ಲಿಂದ ಬರ್ತದ ಯವ್ವಾ?" ಅಂತ ನೊಂದುಕೊಂಡರು. ಆ ಪ್ರಶ್ನೆಗೆ ಉತ್ತರ ಕಾಳಿನಲ್ಲಿದೆ.

ಮೊದಲೆಲ್ಲ ತಟ್ಟೆ ತುಂಬ ರೊಟ್ಟಿ, ಮೂಲೆಯಲ್ಲಿ ಚಿಟಿಕೆ ಪಲ್ಯ. ಈಗ ಅದನ್ನೇ ತಿರುಗಿಸಿ. ಅರ್ಧ ತಟ್ಟೆಗೆ ತಪ್ಪಲು, ಕಾಯಿಪಲ್ಯ, ಹಸಿ ಗಜ್ಜರಿ, ಸೌತೆಕಾಯಿ, ಮೂಲಂಗಿ. ಕಾಲು ತಟ್ಟೆಗೆ ಕಾಳು: ಮಡಿಕೆ, ಹೆಸರು, ಅಲಸಂದಿ, ಕಡಲೆ, ಯಾವುದಾದರೂ ಸರಿ. ಉಳಿದ ಕಾಲು ತಟ್ಟೆಗೆ ರೊಟ್ಟಿ. ಊಟ ಶುರು ಮಾಡುವುದು ಹಸಿ ತರಕಾರಿಯಿಂದ. ದೊಡ್ಡವರಿಗೆ ದಿನಕ್ಕೆ, ಕೆಜಿ ತೂಕಕ್ಕೆ 0.8 ಗ್ರಾಂನಷ್ಟಾದರೂ ಪ್ರೋಟೀನ್ ಬೇಕು. 100 ಗ್ರಾಂ ಒಣ ಮಡಿಕೆ ಕಾಳಿನಲ್ಲಿ 20 ಗ್ರಾಂ ಮೇಲೆ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ತೂಕ ಇಳಿಸುವಾಗ ಇದು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮುಖ ಬಾಡುತ್ತದೆ, ಕೈಕಾಲು ಸೋಲುತ್ತವೆ. ಕಾಳು, ನಾರು ಹೊಟ್ಟೆಯಲ್ಲಿ ಬಹಳ ಹೊತ್ತು ಇರುತ್ತವೆ, ನಾಲ್ಕು ಗಂಟೆಗೆ ಭಜಿ ನೆನಪಾಗುವುದಿಲ್ಲ. ಅತ್ತೆ ಈಗ ತಾವೇ ಸೋಮವಾರ ರಾತ್ರಿ ಮಡಿಕೆ ನೆನೆಹಾಕಿ, ಮಂಗಳವಾರ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ಬುಧವಾರ ಬೆಳಗ್ಗೆ ಗಂಟು ಬಿಚ್ಚಿದರೆ ಬಿಳಿ ಮೊಳಕೆ ಬಟ್ಟೆ ತೂರಿ ಹೊರಗೆ ಬಂದಿರುತ್ತದೆ.

ರೊಟ್ಟಿ ಉಂಡ ಮೇಲೆ ಅನ್ನ ಸಾರು ಉಣ್ಣದಿದ್ದರೆ ಊಟ ಮುಗಿದ ಹಾಗೆ ಅನಿಸುವುದಿಲ್ಲ, ಗೊತ್ತು. ಮಧ್ಯಾಹ್ನ ರೊಟ್ಟಿ, ರಾತ್ರಿ ಅನ್ನ, ಹೀಗೆ ಹಂಚಿಕೊಳ್ಳಿ. ಒಂದೇ ಊಟಕ್ಕೆ ಎರಡೂ ಬೇಡ. ಖಡಕ್ ರೊಟ್ಟಿ ಹಗುರ ಅಂತ ನಾಲ್ಕು ಮುರಿದುಕೊಳ್ಳಬೇಡಿ, ಒಣಗಿದ್ದು ನೀರು ಮಾತ್ರ, ಹಿಟ್ಟು ಅಷ್ಟೇ ಇದೆ. ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸೆ ಹಿಂಡಿ, ಗುರೆಳ್ಳು ಹಿಂಡಿ ಒಳ್ಳೆಯವೇ. ಆದರೆ ಶೇಂಗಾ 100 ಗ್ರಾಮಿಗೆ 560 ಕ್ಯಾಲೊರಿ ಹತ್ತಿರ ಇದೆ. ಒಂದು ಚಮಚ ಸಾಕು. ಹಿಂಡಿಗೆ ಎಣ್ಣೆಯ ಬದಲು ಮೊಸರು ಕಲಸಿ.

ನಮ್ಮ ಜಿಲ್ಲೆಯ ಎರಡು ವಸ್ತುಗಳ ಬಗ್ಗೆ ಹೇಳಲೇಬೇಕು. ಇಂಡಿ ಲಿಂಬೆಹಣ್ಣನ್ನು ಬಿಸಿನೀರು, ಜೇನುತುಪ್ಪದ ಜೊತೆ ಖಾಲಿ ಹೊಟ್ಟೆಗೆ ಕುಡಿದರೆ ಬೊಜ್ಜು ಕರಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಕರಗುವುದಿಲ್ಲ. ಲಿಂಬೆ ಒಳ್ಳೆಯದು, ಕಾಳುಪಲ್ಯದ ಮೇಲೆ ಹಿಂಡಿಕೊಳ್ಳಿ, ಕಬ್ಬಿಣದಂಶ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಜೇನುತುಪ್ಪ ಮಾತ್ರ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ. ಇನ್ನೊಂದು ಒಣದ್ರಾಕ್ಷಿ. ಅಗ್ಗಕ್ಕೆ ಸಿಗುತ್ತದೆ ಅಂತ ಮುಷ್ಟಿಗಟ್ಟಲೆ ತಿನ್ನುತ್ತೀವಿ. ದ್ರಾಕ್ಷಿಯ ನೀರು ಹೋಗಿ ಸಕ್ಕರೆ ಉಳಿದದ್ದೇ ಒಣದ್ರಾಕ್ಷಿ, 100 ಗ್ರಾಮಿಗೆ 300 ಕ್ಯಾಲೊರಿ. ಎಂಟು ಹತ್ತು ಕಾಳು ಸಾಕು.

ನಡೆಯಿರಿ, ಬಸ್ಕಿ ಹೊಡೆಯಿರಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮೈ ದಣಿಸಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು. ದಿನಕ್ಕೆ 30 ನಿಮಿಷದ ಹಾಗೆ ಐದು ದಿನ ಬಿರುಸಾಗಿ ನಡೆದರೆ 150 ಆಯಿತು. ಬಿರುಸು ಅಂದರೆ ಜೊತೆಗಿದ್ದವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾನು ಮೊದಲ ವಾರ ಹತ್ತೇ ನಿಮಿಷ ನಡೆದೆ, ವಾರಕ್ಕೆ ಐದೈದು ನಿಮಿಷ ಸೇರಿಸಿದೆ. ನಮ್ಮೂರ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ಮಾರ್ಚಿನಿಂದ ಮೇ ತನಕ ಬೆಳಗ್ಗೆ ಏಳರೊಳಗೆ ಮುಗಿಸಿಬಿಡಿ. ಕ್ರೀಡಾಂಗಣ, ಬಾರಾಕಮಾನ್ ಸುತ್ತಿನ ರಸ್ತೆ, ಎಲ್ಲಿ ಅನುಕೂಲವೋ ಅಲ್ಲಿ. ಸೀರೆಗೆ ಶೂ ಹಾಕಿದರೆ ಜನ ನೋಡುತ್ತಾರೆ ಅಂತ ನಾನು ಮೊದಲು ಚಪ್ಪಲಿಯಲ್ಲೇ ನಡೆದು ಹಿಮ್ಮಡಿ ನೋಯಿಸಿಕೊಂಡೆ. ದಯವಿಟ್ಟು ಶೂ ಹಾಕಿಕೊಳ್ಳಿ. ನೋಡುವವರು ವಾರ ನೋಡುತ್ತಾರೆ, ಆಮೇಲೆ ಅವರಲ್ಲೇ ಇಬ್ಬರು ಜೊತೆಗೆ ಬರುತ್ತಾರೆ.

ಒಂದು ವಿಷಯ ತಿಳಿದಿರಲಿ. ಅರ್ಧ ಗಂಟೆ ನಡೆದರೆ ಖರ್ಚಾಗುವುದು 120ರಿಂದ 150 ಕ್ಯಾಲೊರಿ. ವಾಪಸ್ ಬರುವಾಗ ಗಾಡಿಯ ಮುಂದೆ ನಿಂತು ಎರಡು ಮಿರ್ಚಿ ಭಜಿ ತಿಂದರೆ ಆ ನಡಿಗೆಯ ಲೆಕ್ಕ ಅಲ್ಲಿಗೇ ಚುಕ್ತಾ. ತೂಕ ಇಳಿಯುವುದು ಮುಖ್ಯವಾಗಿ ಅಡುಗೆಮನೆಯಲ್ಲಿ. ವ್ಯಾಯಾಮ ಹೃದಯಕ್ಕೆ, ಸಕ್ಕರೆಯ ಹಿಡಿತಕ್ಕೆ, ನಿದ್ದೆಗೆ, ಇಳಿದ ತೂಕ ಮತ್ತೆ ಏರದಂತೆ ಕಾಯುವುದಕ್ಕೆ.

ಬಸ್ಕಿಗೆ ಜಿಮ್ ಬೇಕಿಲ್ಲ. ನಮ್ಮ ಗರಡಿ ಮನೆಗಳ ಪೈಲ್ವಾನರು ಬೈಠಕ್, ದಂಡ ಹೊಡೆದೇ ಮೈ ಕಟ್ಟಿದವರು. ನಾವು ಕುರ್ಚಿಯಿಂದ ಶುರು ಮಾಡೋಣ. ಕೈ ಊರದೆ ಕುರ್ಚಿಯಿಂದ ಎದ್ದು, ನಿಧಾನಕ್ಕೆ ಕೂರುವುದು, ಹತ್ತು ಸಲ. ಗೋಡೆಗೆ ಕೈ ಒತ್ತಿ ಎದೆ ಹತ್ತಿರ ತಂದು ಹಿಂದಕ್ಕೆ ತಳ್ಳುವುದು, ಹತ್ತು ಸಲ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಹದಿನೈದು ಸಲ. ಇದನ್ನೇ ಮೂರು ಸುತ್ತು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಎರಡು ತಿಂಗಳಾದ ಮೇಲೆ ಕುರ್ಚಿ ತೆಗೆಯಬಹುದು. ಮಂಡಿ ಚುಚ್ಚಿದರೆ ಅರ್ಧಕ್ಕೇ ನಿಲ್ಲಿಸಿ.

ಹಬ್ಬ ಬಂದಾಗ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಎಲ್ಲರ ಜೊತೆ ಕೂತಾಗ ಶೇಂಗಾ ಹೋಳಿಗೆ ಬೇಡ ಅನ್ನಬೇಡಿ. ಅದು ಬರಿ ಊಟ ಅಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯೂ ಅಷ್ಟೇ. ಒಂದು ತಿನ್ನಿ, ನಿಧಾನಕ್ಕೆ ತಿನ್ನಿ. ಕೆಡುವುದು ಹಬ್ಬದ ದಿನ ಅಲ್ಲ, ಹಬ್ಬ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದ ಹೋಳಿಗೆ, ಕರದಂಟು ವಾರಗಟ್ಟಲೆ ಚಹಾದ ಜೊತೆ ಹೋಗುತ್ತವಲ್ಲ, ಅಲ್ಲಿ. ಮರುದಿನವೇ ಹಂಚಿಬಿಡಿ.

ತೂಕ ನಿಂತುಬಿಟ್ಟಾಗ

ವಾರಕ್ಕೆ ಒಂದೇ ಸಲ, ಒಂದೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಗೆ ತೂಕ ನೋಡಿ. ದಿನಾ ನೋಡಿದರೆ ಮೈಯ ನೀರು, ಉಪ್ಪಿನಿಂದಲೇ ಒಂದು ಕೆಜಿ ಹಿಂದೆಮುಂದೆ ಆಗುತ್ತದೆ, ಸುಮ್ನೆ ಮನಸ್ಸು ಕೆಡುತ್ತದೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಬಹಳ ಒಳ್ಳೆಯದು, ಕಾಲು ಕೆಜಿ ಇಳಿದರೂ ಒಳ್ಳೆಯದೇ. ತೂಕ ಕಡಿಮೆಯಾದಂತೆ ಮೈಗೆ ಬೇಕಾಗುವ ಕ್ಯಾಲೊರಿಯೂ ಇಳಿಯುತ್ತದೆ. ಹಾಗಾಗಿ ನಡುವೆ ತೂಕ ನಿಲ್ಲುವುದು ಸಹಜ. ಆಗ ಊಟ ಬಿಡಬೇಡಿ. ಟೇಪು ಹಿಡಿದು ನೋಡಿ, ಎಷ್ಟೋ ಸಲ ತೂಕ ನಿಂತಿದ್ದರೂ ಸೊಂಟ ಇಳಿದಿರುತ್ತದೆ.

ಒಂಬತ್ತನೇ ತಿಂಗಳಲ್ಲಿ ನನ್ನ ತೂಕ ಐದು ವಾರ ಅಲ್ಲಾಡಲಿಲ್ಲ. ಟೇಪೂ ಅಲ್ಲಾಡಲಿಲ್ಲ. ಚಹಾ ಸರಿ ಇತ್ತು, ಎಣ್ಣೆಯ ಕ್ಯಾನು ಸರಿ ಇತ್ತು, ನಡಿಗೆ ತಪ್ಪಿರಲಿಲ್ಲ. ಕೊನೆಗೆ ಹಿಟ್ಟಿನ ಡಬ್ಬಿ ತಕ್ಕಡಿಯ ಮೇಲಿಟ್ಟು, ರೊಟ್ಟಿ ಬಡಿದು, ಎಣಿಸಿ ನೋಡಿದೆ. 50 ಗ್ರಾಮಿನ ರೊಟ್ಟಿ ನನಗೆ ಗೊತ್ತಿಲ್ಲದೆಯೇ 70ಕ್ಕೆ ಬಂದಿತ್ತು. ಕೈಗೆ ಹಳೆಯ ಅಳತೆ ರೂಢಿಯಾಗಿತ್ತು, ಅಷ್ಟೇ. ಅವತ್ತಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಹಿಟ್ಟು ತೂಗುತ್ತೇನೆ.