ಒಂದು ಹಾಳೆ, ಒಂಬತ್ತು ಶಾಲೆ: ಸುತ್ತೋಲೆಗಳ ಜೊತೆ ನನ್ನ ಅನುಭವ

ಶಾಲೆಗೆ ಬರುವ ಸುತ್ತೋಲೆ, ಆದೇಶಗಳ ಪ್ರಕಾರ ಏನು ಮಾಡಬೇಕು ಎಂಬುದನ್ನು ತಿಂಗಳಿಗೊಂದೇ ಹಾಳೆಯಲ್ಲಿ ಬರೆಯೋಣ ಎಂದು ಎರಡು ವರ್ಷದ ಹಿಂದೆ ನಾನು ಹೇಳಿದಾಗ ನಕ್ಕವರೇ ಈಗ ಫೋನ್ ಮಾಡಿ, "ಸರ್, ಆ ಫಾರ್ಮ್ಯಾಟ್ ಸ್ವಲ್ಪ ಕಳಿಸ್ತೀರಾ?" ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಯಿತು. ಬರೆದೇ ಬಿಡುತ್ತೇನೆ.

ನಾನು ಅನುದಾನಿತ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿ ನಿವೃತ್ತನಾದವನು. ಸುಮ್ನೆ ಮನೆಯಲ್ಲಿ ಕೂರಲು ಆಗಲಿಲ್ಲ. ಕರಾವಳಿಯ ಒಂಬತ್ತು ಕ್ಯಾಥೋಲಿಕ್ ಶಾಲೆಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸ ಹಿಡಿದೆ. ನಾಲ್ಕು ಅನುದಾನಿತ, ಐದು ಅನುದಾನರಹಿತ. ಆರು ಶಾಲೆ ಚರ್ಚಿನವು, ಅಲ್ಲಿ ಫಾದರ್ ಅವರೇ ಸಂಚಾಲಕರು. ಉಳಿದ ಮೂರು ಸಿಸ್ಟರ್‌ಗಳ ಸಂಸ್ಥೆಯವು. ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಒಂದು ಸುತ್ತೋಲೆ ಬಂದರೆ ಒಂಬತ್ತಕ್ಕೂ ಅದು ಒಂದೇ ತರ ಅನ್ವಯಿಸುವುದಿಲ್ಲ. ತಲೆನೋವೆಲ್ಲ ಅಲ್ಲೇ ಶುರು.

ಮೊದಲು ಸೋತ ಕಥೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಇಂಗ್ಲಿಷಿನಲ್ಲಿ ವರದಿ ತಯಾರಿಸಿದೆ. ಮೂವತ್ತು ಪುಟದ ಮೇಲೆ. ಕೋರ್ಟ್ ತೀರ್ಪು, ಸರ್ಕಾರದ ಆದೇಶ, ಸಿಬಿಸಿಐ (ಭಾರತದ ಕ್ಯಾಥೋಲಿಕ್ ಬಿಷಪ್‌ಗಳ ಮಂಡಳಿ) ಪತ್ರ, ಎಲ್ಲ ಇತ್ತು. ಸ್ಪೈರಲ್ ಬೈಂಡಿಂಗ್ ಕೂಡ ಹಾಕಿಸಿದೆ. ಅದಕ್ಕೇ ವರ್ಷಕ್ಕೆ ಏಳೆಂಟು ಸಾವಿರ ಹೋಗಿರಬೇಕು. ಯಾರಾದರೂ ಓದುತ್ತಾರಾ ಎಂದು ನೋಡಲು ಮೂರನೇ ಸಂಚಿಕೆಯ ಹದಿನಾಲ್ಕನೇ ಪುಟದ ನಡುವೆ ಒಂದು ಸಾಲು ಸೇರಿಸಿದೆ: 'ಇದನ್ನು ಓದಿದವರು ನನಗೆ ಫೋನ್ ಮಾಡಿ, ಬಂಗುಡೆ ಊಟ ಹಾಕಿಸುತ್ತೇನೆ.' ಒಂದೇ ಒಂದು ಫೋನ್ ಬರಲಿಲ್ಲ. ಬಂಗುಡೆ ಉಳಿಯಿತು, ನನ್ನ ಮರ್ಯಾದೆ ಹೋಯಿತು.

ಆಮೇಲೆ ವಾಟ್ಸಾಪ್ ಗ್ರೂಪ್. ನಿಮಗೆ ಗೊತ್ತಲ್ಲ. ಶುಭೋದಯ, ಹಬ್ಬದ ಶುಭಾಶಯ, ಯಾರದ್ದೋ ತಾಯಿ ತೀರಿಕೊಂಡರೆ ಅರವತ್ತು ಸಂತಾಪ. ಅವುಗಳ ನಡುವೆ ಕೊನೆಯ ದಿನಾಂಕ ಇರುವ ಸುತ್ತೋಲೆ ಮುಳುಗಿ ಹೋಗುತ್ತಿತ್ತು. ಒಂದು ಶಾಲೆಯಲ್ಲಿ ಮಾನ್ಯತೆ ನವೀಕರಣಕ್ಕೆ ಅಗ್ನಿ ಸುರಕ್ಷತೆಯ ಪತ್ರ ಬೇಕು ಎಂಬುದು ನೆನಪಾದದ್ದು ಕೊನೆಯ ವಾರದಲ್ಲಿ. ಗಡಿಬಿಡಿಯಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಖರೀದಿ, ವೈರಿಂಗ್ ರಿಪೇರಿ, ಓಡಾಟ. ಸಮಾಧಾನದಲ್ಲಿ ಮಾಡಿದ್ದರೆ ಮೂವತ್ತು ಸಾವಿರದಲ್ಲಿ ಮುಗಿಯುವುದು ಅರವತ್ತು ದಾಟಿತು. ಫಾದರ್ ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. 2004ರಲ್ಲಿ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತರು. 2009ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಶಾಲೆಗಳಿಗೂ ಸುರಕ್ಷತೆಯ ಆದೇಶ ಕೊಟ್ಟಿತು. ಇದೇನೂ ಹೊಸ ವಿಷಯ ಅಲ್ಲ. ಆದರೂ ಕೊನೆಯ ವಾರ!

ಮೂರನೆಯದು ಸಾಫ್ಟ್‌ವೇರ್. ವರ್ಷಕ್ಕೆ ಇಪ್ಪತ್ತೆರಡು ಸಾವಿರವೋ ಏನೋ. ತೆರೆದರೆ ಸ್ಕ್ರೀನ್ ತುಂಬ ಕೆಂಪು ಬಣ್ಣ. ಕೆಂಪು ನೋಡಿ ಹೆದರಿ ಯಾರೂ ತೆರೆಯಲಿಲ್ಲ. ಒಂದು ಶಾಲೆಯಲ್ಲಿ ಪಾಸ್‌ವರ್ಡ್ ಗೊತ್ತಿದ್ದ ಕ್ಲರ್ಕ್ ಹುಡುಗಿ ಮದುವೆಯಾಗಿ ಮುಂಬೈಗೆ ಹೋದಳು. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ಒಬ್ಬ ತಜ್ಞರನ್ನು ಕರೆಸಿ ಒಂದು ದಿನದ ಕಾರ್ಯಾಗಾರ. ಊಟ ಸೇರಿ ನಲವತ್ತು ಸಾವಿರ. ಅಲ್ಪಸಂಖ್ಯಾತರಿಗೆ ಸ್ವಂತ ಶಾಲೆ ನಡೆಸುವ ಹಕ್ಕು ಕೊಡುವ ಸಂವಿಧಾನದ 30ನೇ ವಿಧಿ, ಅದರ ಬಗ್ಗೆ ಸುಪ್ರೀಂ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪು, ಹನ್ನೊಂದು ನ್ಯಾಯಮೂರ್ತಿಗಳ ಪೀಠ ಎಂದು ಮೂರು ಗಂಟೆ ಚೆನ್ನಾಗಿಯೇ ಮಾತಾಡಿದರು. ಹೊರಗೆ ಬಂದ ಒಬ್ಬ ಸಿಸ್ಟರ್ ಮೆಲ್ಲಗೆ ಕೇಳಿದರು: "ಸರ್, ಹಾಗಾದರೆ ಸೋಮವಾರ ನಾನು ಏನು ಮಾಡಬೇಕು?"

ಆ ಪ್ರಶ್ನೆಯಿಂದ ಹಾಳೆ ಹುಟ್ಟಿತು. ಎ3 ಕಾಗದ, ಕನ್ನಡದಲ್ಲಿ, ದೊಡ್ಡ ಅಕ್ಷರ. ತಿಂಗಳಿಗೆ ಒಂದು. ನಾಲ್ಕು ಕಲಂ: ಏನು ಬದಲಾಯಿತು, ನಮಗೆ ಅನ್ವಯವಾ, ಯಾರು ಮಾಡಬೇಕು, ಯಾವ ದಿನದೊಳಗೆ. ತಿಂಗಳ ಮೊದಲ ಶನಿವಾರ ಶಾಲೆ ಬಿಟ್ಟ ಮೇಲೆ ನಲವತ್ತು ನಿಮಿಷದ ಸಭೆ. ಹಾಳೆಯನ್ನು ಗಟ್ಟಿಯಾಗಿ ಓದುವುದು, ಚಹಾ ಕುಡಿಯುವುದು, ಎದ್ದು ಹೋಗುವುದು.

"ಕಾನೂನು ಎಲ್ಲ ಒಂದು ಹಾಳೆಯಲ್ಲಿ ಹಿಡಿಸುತ್ತಾ?" ಎಂದು ಒಬ್ಬ ಸಂಚಾಲಕರು ನಕ್ಕರು. ಮೊದಲ ಹಾಳೆ ನೋಡಿದರೆ ಅವರ ಮಾತೇ ಸರಿ ಇತ್ತು. ಮೂವತ್ತೊಂದು ಸಾಲು! 'ಯಾರು ಮಾಡಬೇಕು' ಕಲಂನಲ್ಲಿ ಮೇಲಿಂದ ಕೆಳಗೆ 'ಎಚ್‌ಎಂ, ಎಚ್‌ಎಂ, ಎಚ್‌ಎಂ'. ಏನೂ ನಡೆಯಲಿಲ್ಲ. ಆಮೇಲೆ ಎರಡು ಕಟ್ಟುಪಾಡು ಹಾಕಿಕೊಂಡೆ. ಏಳು ಸಾಲಿಗಿಂತ ಜಾಸ್ತಿ ಇಲ್ಲ. ಅರ್ಧಕ್ಕಾದರೂ ಮುಖ್ಯೋಪಾಧ್ಯಾಯರ ಹೆಸರು ಇರಬಾರದು. ಬೆಂಕಿ ಸಿಲಿಂಡರಿನ ಮುಳ್ಳು ಹಸಿರಿನಲ್ಲಿ ಇದೆಯಾ ನೋಡುವ ಕೆಲಸ ಅಟೆಂಡರ್ ಹೆಸರಿಗೆ ಹೋಯಿತು. ಒಂಬತ್ತು ಶಾಲೆಯಲ್ಲಿ ಒಂದು ತಿಂಗಳೂ ತಪ್ಪದ ಸಾಲು ಅಂದರೆ ಅದೇ.

ಯಾವ ಏಳು ವಿಷಯ ಹಾಳೆಗೆ ಬರಬೇಕು, ಯಾವುದು ಮೊದಲ ಸಾಲು ಎಂದು ಹೇಗೆ ಆರಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅಷ್ಟಾದರೂ ನನ್ನ ಹತ್ತಿರ ಇರಲಿ.

ಎರಡನೇ ಕಲಂ, ಅದೇ ಹಾಳೆಯ ಜೀವ. 2014ರ ಮೇ 6ರ ಸುಪ್ರೀಂ ಕೋರ್ಟಿನ ಪ್ರಮತಿ ತೀರ್ಪು ನಿಮಗೆಲ್ಲ ಗೊತ್ತು, ಅಲ್ಪಸಂಖ್ಯಾತ ಶಾಲೆಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಇಲ್ಲ ಎಂದದ್ದು. ಅಲ್ಲಿಂದ ನಮ್ಮವರಿಗೆ ಒಂದು ಚಾಳಿ ಬಂತು. ಏನೇ ಸುತ್ತೋಲೆ ಬರಲಿ, "ನಾವು ಮೈನಾರಿಟಿ ಅಲ್ವಾ, ನಮಗಿಲ್ಲ." ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ), ಕಟ್ಟಡ ಸುರಕ್ಷತೆ, ಪಿಎಫ್, ಯಾವುದಕ್ಕೂ ಆ ವಿನಾಯಿತಿ ಇಲ್ಲ. ತಮಾಷೆ ಏನು ಗೊತ್ತಾ? ಒಂಬತ್ತರಲ್ಲಿ ಎರಡು ಶಾಲೆಗೆ ತಮ್ಮ ಅಲ್ಪಸಂಖ್ಯಾತ ಪ್ರಮಾಣಪತ್ರ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಒಂದು ಕಾನ್ವೆಂಟಿನ ಅಟ್ಟದಲ್ಲಿ ಸಿಕ್ಕಿತು, ಕ್ರಿಸ್‌ಮಸ್ ಗೋದಲಿಯ ಗೊಂಬೆಗಳ ಪೆಟ್ಟಿಗೆಯ ಅಡಿಯಲ್ಲಿ.

ಆ ಕಲಂಗೆ ನಿಜವಾದ ಪರೀಕ್ಷೆ ಬಂದದ್ದು 2025ರ ಸೆಪ್ಟೆಂಬರ್ 1ರಂದು. ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು ಎಂದಿತು ಸುಪ್ರೀಂ ಕೋರ್ಟ್. ಐದಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಬಡ್ತಿ ಬೇಕಿದ್ದರೆ ಅವರಿಗೂ ಟಿಇಟಿ. ಅದೇ ತೀರ್ಪಿನಲ್ಲಿ ಪ್ರಮತಿ ಸರಿಯೇ ಎಂಬ ಅನುಮಾನ ಎತ್ತಿ, ಅಲ್ಪಸಂಖ್ಯಾತ ಶಾಲೆಗಳ ಪ್ರಶ್ನೆಯನ್ನು ದೊಡ್ಡ ಪೀಠ ನೋಡಲಿ ಎಂದಿತು. ಸಂಜೆಯೊಳಗೆ ಹನ್ನೆರಡು ಫೋನ್. ಅರ್ಧ ಜನ "ನಮಗಿಲ್ಲ" ಅಂದರು, ಅರ್ಧ ಜನ ಅಳುವುದೊಂದು ಬಾಕಿ. ಹಾಳೆಯಲ್ಲಿ ನಾನು ಬರೆದದ್ದು ಇಷ್ಟು: 'ಅನ್ವಯವಾ: ತೀರ್ಮಾನ ಬಾಕಿ. ಕೆಲಸ: ಟಿಇಟಿ ಇಲ್ಲದ ಶಿಕ್ಷಕರ ಹುಟ್ಟಿದ ದಿನಾಂಕದ ಪಟ್ಟಿ, ಹದಿನೈದು ದಿನದಲ್ಲಿ. 55 ವರ್ಷದೊಳಗಿನವರು ಅರ್ಜಿ ಹಾಕಲಿ, ನಷ್ಟವಿಲ್ಲ.' ಪಟ್ಟಿ ಬಂದಾಗ ಒಂಬತ್ತು ಶಾಲೆ ಸೇರಿ ಇಪ್ಪತ್ತಾರೋ ಇಪ್ಪತ್ತೇಳೋ ಜನ. ಸಂಖ್ಯೆ ಕಣ್ಣ ಮುಂದೆ ಬಂದ ಮೇಲೆ ಗಾಬರಿ ಅರ್ಧ ಇಳಿಯಿತು.

ಪೋಕ್ಸೊ ಸಾಲನ್ನು ಪ್ರತಿ ಜೂನ್‌ನಲ್ಲಿ ಹಾಕುತ್ತೇನೆ, ಹೊಸದೇನೂ ಇಲ್ಲದಿದ್ದರೂ. ನಮ್ಮಲ್ಲಿ ಹಳೆಯ ಅಭ್ಯಾಸ ಒಂದಿದೆ: ಮೊದಲು ಆಡಳಿತ ಮಂಡಳಿಗೆ ಹೇಳೋಣ, ಆಮೇಲೆ ನೋಡೋಣ. 2012ರ ಕಾಯ್ದೆಯಲ್ಲಿ ಆ 'ಆಮೇಲೆ'ಗೆ ಜಾಗ ಇಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಬೇಕು. ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಚರ್ಚಿನ ಕಡೆಯಿಂದ ಪೋಪ್ ಫ್ರಾನ್ಸಿಸ್ 2019ರಲ್ಲಿ ತಂದ ನಿಯಮ 2023ರಲ್ಲಿ ಕಾಯಂ ಆಯಿತು. ಅದರ ಪ್ರಕಾರ ಫಾದರ್, ಸಿಸ್ಟರ್‌ಗಳ ಮೇಲಿನ ದೂರು ಬಿಷಪ್ ಕಡೆಗೂ ಹೋಗಬೇಕು. "ಬಿಷಪ್ ಹೌಸಿಗೆ ಹೇಳಿದರೆ ಸಾಕಲ್ವಾ?" ಎಂದು ಒಬ್ಬರು ಕೇಳಿದರು. ಸಾಲದು. ಆ ನಿಯಮವೇ ಹೇಳುತ್ತದೆ, ದೇಶದ ಕಾನೂನಿನ ಕರ್ತವ್ಯ ಹಾಗೆಯೇ ಇರುತ್ತದೆ ಎಂದು. ಈ ಸಾಲು ಓದುವಾಗ ಮಾತ್ರ ಚಹಾ ಕೊಡುವುದಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆ ವಿದ್ಯಾರ್ಥಿಗಳು ದುಬೈ, ಕುವೈತ್, ಕೆನಡಾ ಎಂದು ಎಲ್ಲ ಕಡೆ ಇದ್ದಾರೆ. ಶೌಚಾಲಯ ಕಟ್ಟಲು ಇಬ್ಬರು ಎರಡೆರಡು ಲಕ್ಷ ಕೊಡಲು ಮುಂದೆ ಬಂದರು. ಒಬ್ಬ ಕುವೈತಿನಲ್ಲಿ ದುಡಿಯುವವ, ಭಾರತದ ಪಾಸ್‌ಪೋರ್ಟ್. ತನ್ನ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದ, ಅದು ವಿದೇಶಿ ದೇಣಿಗೆ ಅಲ್ಲ. ಇನ್ನೊಬ್ಬಳು ಕೆನಡಾದ ಪೌರತ್ವ ತೆಗೆದುಕೊಂಡವಳು. ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ ಅವಳ ಹಣ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಡಿ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆ ಶಾಲೆಗೆ ನೋಂದಣಿ ಇರಲಿಲ್ಲ. ಬೇಡ ಎಂದು ಪತ್ರ ಬರೆದೆವು. ಹುಡುಗಿಗೆ ಬೇಜಾರಾಯಿತು, ಎರಡು ಲಕ್ಷ ಬಿಡುವುದು ನಮಗೂ ಸುಲಭ ಇರಲಿಲ್ಲ. ಆದರೆ ಹಾಳೆಯಲ್ಲಿ ಆ ಸಾಲು ಹಿಂದಿನ ತಿಂಗಳೇ ಬಂದಿದ್ದರಿಂದ ಕ್ಲರ್ಕ್ ತಾನೇ ಕೇಳಿದ್ದ, "ಸರ್, ಇವರ ಪಾಸ್‌ಪೋರ್ಟ್ ಯಾವುದು?" ನನಗೆ ಅಷ್ಟು ಸಾಕು.

ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಜಗಳವೂ ಹಾಗೇ. ಸಿಸ್ಟರ್ ಒಬ್ಬರು ಹೇಳುತ್ತಿದ್ದರು, "ಸಂಬಳ ನನ್ನ ಕೈಗೇ ಬರುವುದಿಲ್ಲ, ಸಂಸ್ಥೆಗೆ ಹೋಗುತ್ತದೆ. ಬಡತನದ ವ್ರತ ಮಾಡಿದವರಿಗೆ ಎಂಥ ತೆರಿಗೆ?" ತಮಿಳುನಾಡು, ಕೇರಳದ ಪ್ರಕರಣಗಳಲ್ಲಿ 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅದಕ್ಕೆ ಉತ್ತರ ಕೊಟ್ಟಿತು. ಅನುದಾನಿತ ಶಾಲೆಯಲ್ಲಿ ಸಂಬಳ ಪಡೆಯುವ ಫಾದರ್, ಸಿಸ್ಟರ್‌ಗಳಿಗೂ ಟಿಡಿಎಸ್ ಇದೆ. ನಾಲ್ಕು ಅನುದಾನಿತ ಶಾಲೆಗೆ 'ಹೌದು' ಎಂದು ಬರೆದೆ. ಮುಂದಿನ ಸಾಲಿಗೆ ಹೋದೆವು.

ನಡುವೆ ಕೆಲವು ಪ್ರಯೋಗ ಮಾಡಿದೆ. ಹಾಳೆಯ ಜೊತೆ ಕೊಂಕಣಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ. ಎಲ್ಲರೂ ಹೊಗಳಿದರು, ಕೇರಳದಿಂದ ಬಂದ ಇಬ್ಬರು ಸಿಸ್ಟರ್‌ಗಳನ್ನು ಬಿಟ್ಟು. ನಿಲ್ಲಿಸಿದೆ. ಒಮ್ಮೆ ಎಐಗೆ ಸುತ್ತೋಲೆ ಕೊಟ್ಟು ಸಾರಾಂಶ ಕೇಳಿದೆ. ಚಂದದ ಕನ್ನಡವೇ ಕೊಟ್ಟಿತು. ಆದರೆ ಸಿಬಿಎಸ್‌ಇ ನಿಯಮ ಒಂದನ್ನು ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗೆ ತಂದು ಅಂಟಿಸಿತ್ತು. ಈಗ ಟೈಪಿಂಗ್ ತಪ್ಪು ಹುಡುಕಲು ಮಾತ್ರ ಬಳಸುತ್ತೇನೆ.

2024ರಲ್ಲಿ ಸಿಬಿಸಿಐ ಮಾರ್ಗಸೂಚಿ ಬಂತು. ದಿನಾ ಸಂವಿಧಾನದ ಪೀಠಿಕೆ ಓದಿಸಿ, ಎಲ್ಲ ಧರ್ಮವನ್ನು ಗೌರವಿಸಿ, ನಮ್ಮ ಸಂಪ್ರದಾಯವನ್ನು ಬೇರೆ ಮಕ್ಕಳ ಮೇಲೆ ಹೇರಬೇಡಿ ಎಂದು. ಪೀಠಿಕೆ ಓದುವುದು ನಮ್ಮ ರಾಜ್ಯದಲ್ಲಿ 2023ರಲ್ಲೇ ಶುರುವಾಗಿದ್ದರಿಂದ ಆ ಸಾಲಿಗೆ ಕೂಡಲೇ ಟಿಕ್. ಒಂಬತ್ತನೇ ಕ್ಲಾಸಿನ ಮಕ್ಕಳ ಹತ್ತಿರ ಅದನ್ನು ತುಳುವಿಗೆ ತರಿಸೋಣ ಎಂದು ಹೊರಟೆ. 'ಸಾರ್ವಭೌಮ' ಎಂಬಲ್ಲಿ ಗಾಡಿ ನಿಂತಿತು. ಅರ್ಧ ಗಂಟೆ ವಾದ, ಗಂಟೆ ಹೊಡೆಯಿತು, ಮಕ್ಕಳು ಮನೆಗೆ ಹೋದರು. ಹಾಳೆಗೂ ಇದಕ್ಕೂ ಏನೂ ಸಂಬಂಧ ಇಲ್ಲ, ನೆನಪಾಯಿತು, ಹೇಳಿದೆ.

ಖರ್ಚು? ಪ್ರಿಂಟ್ ತಿಂಗಳಿಗೆ ಇನ್ನೂರರ ಒಳಗೆ. ಚಹಾ, ಗೋಳಿಬಜೆ ಆರುನೂರು ಏಳುನೂರು. ವರ್ಷಕ್ಕೆ ಹತ್ತು ಸಾವಿರದ ಆಸುಪಾಸು. ಅದಕ್ಕೂ ಮೊದಲು ಬೈಂಡಿಂಗ್, ಸಾಫ್ಟ್‌ವೇರ್, ತಜ್ಞರು, ಸಿಲಿಂಡರ್ ಗಡಿಬಿಡಿ ಎಲ್ಲ ಸೇರಿ ಲಕ್ಷ ನೀರಿಗೆ ಹಾಕಿದ್ದೆವು. ಕಳೆದ ವರ್ಷ ಒಂದು ಶಾಲೆಗೆ ತಪಾಸಣೆಗೆ ಬಂದ ಅಧಿಕಾರಿ ಕೇಳಿದ್ದನ್ನೆಲ್ಲ ನಲವತ್ತೈದು ನಿಮಿಷದಲ್ಲಿ ಮೇಜಿನ ಮೇಲೆ ಇಟ್ಟೆವು. ಹೋಗುವಾಗ ಅವರು ಗೋಡೆಯ ಮೇಲಿನ ಹಾಳೆಯ ಫೋಟೋ ಹೊಡೆದುಕೊಂಡರು. ಹಿಂದೆ ನಕ್ಕ ಸಂಚಾಲಕರು ಪಕ್ಕದಲ್ಲೇ ನಿಂತಿದ್ದರು. ನಾನೇನೂ ಹೇಳಲಿಲ್ಲ, ಸುಮ್ನೆ ಅವರ ಕಡೆ ನೋಡಿದೆ.

ಎಲ್ಲ ಸರಿಯಾಯಿತು ಎಂದಲ್ಲ. ಈಗಿನ ಹಾಳೆಯ ಏಳನೇ ಸಾಲು ಡೇಟಾ ರಕ್ಷಣೆಯದ್ದು. 2023ರ ಕಾಯ್ದೆ, 2025ರ ನವೆಂಬರ್‌ನಲ್ಲಿ ಬಂದ ನಿಯಮ. ಅದು ಪೂರ್ತಿ ಜಾರಿಯಾದ ಮೇಲೆ ಹದಿನೆಂಟರ ಒಳಗಿನ ಮಕ್ಕಳ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನ ಗೇಟಿನ ಮೇಲೆ ಮಕ್ಕಳ ಫೋಟೋ ಇರುವ ಫ್ಲೆಕ್ಸ್ ಕಟ್ಟುವ ನಮ್ಮ ಶಾಲೆಗಳಿಗೆ ಇದನ್ನು ಹೇಳುವವರು ಯಾರು? ಕಳೆದ ಶನಿವಾರ ಆ ಸಾಲು ಓದಿದಾಗ ಎಲ್ಲರೂ ಗೋಳಿಬಜೆ ತಟ್ಟೆಯ ಕಡೆ ನೋಡಿದರು. 'ಯಾರು ಮಾಡಬೇಕು' ಕಲಂ ಇನ್ನೂ ಖಾಲಿ ಇದೆ.